ವರೈಯಾಡು ಮತ್ತು ಬೆಟ್ಟದ ಹುಲ್ಲು: ಸಿಕ್ಕಿದವರೆಲ್ಲ ನನ್ನನ್ನ ಕೇಳೋ ಪ್ರಶ್ನೆಗಳು

ಇದು ಹೆಂಗೆ ಶುರುವಾಯ್ತು ಅಂತ ಮೊದಲು ಹೇಳ್ಬಿಡ್ತೀನಿ. ನಮ್ಮೂರು ತಾಳವಾಡಿ ಹತ್ರ, ಈರೋಡ್ ಜಿಲ್ಲೆ. ರೇಷನ್ ಕಾರ್ಡಿಗೆ ತಮಿಳುನಾಡು, ಮಾತಿಗೆ ಕನ್ನಡ, ಸಾಮಾನು ತರೋಕೆ ಚಾಮರಾಜನಗರ. ನಾನು ಗಾಡಿ ಓಡಿಸ್ತೀನಿ, ಸೀಸನ್ನಲ್ಲಿ ಊಟಿ ಬಾಡಿಗೆ ಜಾಸ್ತಿ, ಮನೇಲಿ ಹತ್ತು ಹನ್ನೆರಡು ಮೇಕೆ ಇದಾವೆ. ಅಕ್ಕನ ಮಗ ಆರನೇ ಕ್ಲಾಸು, ಅವನಿಗೆ ಒಂದು ಕಾಡುಪ್ರಾಣಿ ಒಂದು ಸಸ್ಯ ತಗೊಂಡು ಹೋಲಿಸಿ ಬರ್ಕೊಂಡು ಬಾ ಅಂತ ಹೋಮ್‌ವರ್ಕ್ ಕೊಟ್ಟಿದ್ರು, ಬೇರೆ ಹುಡುಗ್ರೆಲ್ಲ ಆನೆ-ಬಿದಿರು ಹುಲಿ-ಆಲದಮರ ಅಂತ ಹೋದ್ರೆ ನಾನು ಇವನ ತಲೆಗೆ ನೀಲಗಿರಿ ಕಾಡುಮೇಕೆ ಮತ್ತೆ ಅದರ ಬೆಟ್ಟದ ಒಂದು ಹುಲ್ಲು ಅಂತ ತುಂಬಿಬಿಟ್ಟೆ. ಆಮೇಲೆ ಟೀ ಅಂಗಡೀಲಿ, ಮದುವೆ ಮನೇಲಿ, ಗಾಡಿ ಹಿಂದಿನ ಸೀಟಲ್ಲಿ ಎಲ್ಲಾ ಕಡೆ ಅದೇ ಪ್ರಶ್ನೆಗಳು. ಒಂದೊಂದು ಸಲಾನೂ ಬಾಯಿ ನೋಯಿಸ್ಕೊಳ್ಳೋ ಬದಲು ಇಲ್ಲಿ ಬರೆದು ಇಟ್ಟಿದೀನಿ.

ಆಡಿಗೂ ಹುಲ್ಲಿಗೂ ಏನಪ್ಪ ಹೋಲಿಕೆ? ಒಂದು ತಿನ್ನೋದು, ಇನ್ನೊಂದು ತಿನ್ನಿಸ್ಕೊಳ್ಳೋದು, ಅಷ್ಟೇ ತಾನೆ?

ನಮ್ಮ ಸೋದರತ್ತೆ ಇದನ್ನ ಇನ್ನೂ ಚೆಂದಾಗಿ ಕೇಳಿದ್ರು, "ಅನ್ನಕ್ಕೂ ನಿಂಗೂ ಹೋಲಿಕೆ ಮಾಡ್ದಂಗಾಯ್ತು ಕಣಾ" ಅಂತ. ಸರಿಯೇ. ಆದ್ರೆ ಅನ್ನ ಇಲ್ಲದೆ ನಾನು ಎಷ್ಟು ದಿನ ಇರ್ತೀನಿ ಅನ್ನೋದೂ ಅದೇ ಲೆಕ್ಕದೊಳಗೆ ಬರುತ್ತಲ್ಲ ಅತ್ತೆ. ಊಟಿಗೆ ಬರೋ ಪಾರ್ಟಿಗಳು ಆಡು ಕಾಣಿಸ್ತಾ ಅಂತ ಕೇಳ್ತಾರೆ, ಹುಲ್ಲು ಎಲ್ಲಿದೆ ಅಂತ ಇವತ್ತಿನ ತನಕ ಒಬ್ರೂ ಕೇಳಿಲ್ಲ. ಆಡನ್ನ ಸರ್ಕಾರ ವರ್ಷ ವರ್ಷ ಎಣಿಸುತ್ತೆ, ಹುಲ್ಲನ್ನ ಎಣಿಸೋರು ಯಾರು? ಅದಕ್ಕೇ ಎರಡನ್ನೂ ಒಂದೇ ತಕ್ಕಡೀಲಿ ಇಟ್ಟು ನೋಡಿದ್ದು.

ಯಾವ ಆಡು, ಯಾವ ಹುಲ್ಲು ಅಂತ ಸರಿಯಾಗಿ ಹೇಳು.

ಆಡು ಅಂದ್ರೆ ನೀಲಗಿರಿ ಥಾರ್, ತಮಿಳಲ್ಲಿ ವರೈಯಾಡು. ವರೈ ಅಂದ್ರೆ ಕಡಿದಾದ ಬೆಟ್ಟ, ಬಂಡೆ. ನಮ್ಮಲ್ಲಿ ರಸ್ತೆ ಪಕ್ಕದ ಬರೆ ಕುಸಿತು ಅಂತೀವಲ್ಲ, ಆ ಬರೆಗೂ ಈ ವರೈಗೂ ನೆಂಟಸ್ತನ ಇರಬಹುದು ಅಂತ ನನ್ನ ಊಹೆ, ತಮಿಳಿನ ವ ನಮ್ಮಲ್ಲಿ ಬ ಆಗೋದು ಹೊಸದೇನಲ್ಲ. ವಿಜ್ಞಾನದವರ ಹೆಸರು ನೀಲಗಿರಿಟ್ರಾಗಸ್ ಹೈಲೋಕ್ರಿಯಸ್.

ಹುಲ್ಲು ಅಂದ್ರೆ ಥೆಮೆಡಾ ಟ್ರಯಾಂಡ್ರಾ. ನೀಲಗಿರಿ ಮೇಲಿನ ಹುಲ್ಲುಗಾವಲಲ್ಲಿ ಎಷ್ಟೋ ಜಾತಿ ಹುಲ್ಲು ಇದೆ, ಅದರಲ್ಲಿ ಇದೂ ಒಂದು. ನಮ್ಮೂರಲ್ಲಿ ಇದಕ್ಕೆ ಅಂತ ಬೇರೆ ಹೆಸರು ನಾನು ಕೇಳಿಲ್ಲ, ಬೆಟ್ಟದ ಹುಲ್ಲು ಅಂದ್ರೆ ಮುಗೀತು. ಬುಡದಿಂದ ಪೊದೆ ಪೊದೆಯಾಗಿ ಏಳುತ್ತೆ, ತೆನೆ ಬಂದಾಗ ಕಂದು-ಕೆಂಪು ಬಣ್ಣಕ್ಕೆ ತಿರುಗುತ್ತೆ. ಇದನ್ನೇ ಆರಿಸಿದ್ದು ಯಾಕೆ ಅಂದ್ರೆ ಇದರ ಬಗ್ಗೆ ಓದೋಕೆ ಜಾಸ್ತಿ ಸಿಕ್ತು, ಬೇರೆ ದೊಡ್ಡ ಕಾರಣ ಏನಿಲ್ಲ.

ಥಾರ್ ಅಂದ್ರೆ ಮಹೀಂದ್ರ ಜೀಪಲ್ವಾ?

ದಿನಾ ಕೇಳ್ತಾರೆ ಇದನ್ನ. ಜೀಪಿಗೆ ಆ ಹೆಸರು ರಾಜಸ್ಥಾನದ ಮರುಭೂಮಿ ಕಡೆಯದು, ಆಡಿನ ಥಾರ್ ಹಿಮಾಲಯದ ಕಡೆ ಮಾತು. ಒಂದಕ್ಕೊಂದು ಸಂಬಂಧ ಇಲ್ಲ. ಒಬ್ಬ ಪಾರ್ಟಿ ದಿಂಬಂ ಘಾಟಿಯ 27 ತಿರುವಿನಲ್ಲಿ ಹೊಟ್ಟೆ ತೊಳಸಿಕೊಂಡು ಕೂತಿದ್ದವರು ಥಾರ್ ಅಂದ ತಕ್ಷಣ ಎದ್ದು ಫೋರ್ ಬೈ ಫೋರಾ ಅಂತ ಕೇಳಿದ್ರು. ನಾಲ್ಕೂ ಕಾಲಲ್ಲಿ ಹತ್ತುತ್ತೆ, ಹೌದು ಅಂದೆ.

ಅದು ಮೇಕೆನಾ, ಕುರಿನಾ? ನಮ್ಮ ಮನೆ ಮೇಕೆಗೆ ಏನಾಗ್ಬೇಕು?

ಇಲ್ಲಿ ಒಂದು ತಮಾಷೆ ಇದೆ. ನೋಡೋಕೆ ಮೇಕೆ, ಹೆಸರಲ್ಲೂ ಆಡು, ಆದ್ರೆ ರಕ್ತ ಸಂಬಂಧ ಕುರಿ ಕಡೆಗೆ ಹತ್ತಿರ. ಮೊದಲು ಇದನ್ನೂ ಹಿಮಾಲಯದ ಥಾರನ್ನೂ ಅರೇಬಿಯಾದ ಥಾರನ್ನೂ ಒಂದೇ ಮನೆಯವರು ಅಂತ ಒಂದೇ ಕುಲಕ್ಕೆ ಸೇರಿಸಿದ್ರು, 2005ರಲ್ಲಿ ಡಿಎನ್ಎ ನೋಡಿದಾಗ ನಮ್ಮ ನೀಲಗಿರಿಯದು ಕುರಿಗಳ ಹತ್ತಿರದ್ದು, ಹಿಮಾಲಯದ್ದು ಮೇಕೆಗಳ ಹತ್ತಿರದ್ದು ಅಂತ ಗೊತ್ತಾಯ್ತು, ಆಮೇಲೆ ಇದಕ್ಕೆ ಅಂತಲೇ ಪ್ರತ್ಯೇಕ ಕುಲ ಮಾಡಿದ್ರು. ಆ ಕುಲದಲ್ಲಿ ಇದೊಂದೇ ಜಾತಿ, ಒಂಟಿ ಮನೆ.

ಮನೆ ಮೇಕೆಗಳ ಮೂಲ ಪಶ್ಚಿಮ ಏಷ್ಯಾದ ಬೇರೆ ಕಾಡುಮೇಕೆ, ಆದ್ರಿಂದ ನಮ್ಮ ಕೊಟ್ಟಿಗೆಯವಕ್ಕೂ ಇದಕ್ಕೂ ದೂರದ ನೆಂಟಸ್ತನ ಅಷ್ಟೇ. ನಮ್ಮ ಹೋತಕ್ಕೆ ಗಡ್ಡ ಇರುತ್ತೆ, ಈ ಆಡಿಗೆ ಗಡ್ಡ ಇಲ್ಲ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ. ಗಂಡು ಹೆಣ್ಣು ಎರಡಕ್ಕೂ ಕೊಂಬು ಇದೆ, ಹಿಂದಕ್ಕೆ ಬಾಗಿರುತ್ತೆ, ಗಂಡಿಂದು ಸುಮಾರು 40 ಸೆಂಟಿಮೀಟರ್ ಬೆಳೆಯುತ್ತೆ. ವಯಸ್ಸಾದ ಗಂಡಿಗೆ ಬೆನ್ನ ಮೇಲೆ ಬಿಳಿ-ಬೂದು ಬಣ್ಣದ ಪಟ್ಟೆ ಬರುತ್ತೆ, ಜೀನು ಹಾಕಿದಂಗೆ ಕಾಣುತ್ತೆ, ಅದಕ್ಕೇ ಸ್ಯಾಡಲ್‌ಬ್ಯಾಕ್ ಅಂತ ಕರೀತಾರೆ.

ಎತ್ತರದಲ್ಲಿ ಯಾವುದು ದೊಡ್ಡದು?

ಹುಡುಗ ಇದೇ ಪ್ರಶ್ನೆ ಮೊದಲು ಬರೆದಿದ್ದ. ಗಂಡು ಆಡು ಭುಜದ ಹತ್ರ ಸುಮಾರು ಒಂದು ಮೀಟರ್, ತೂಕ 80ರಿಂದ 100 ಕಿಲೋ, ಹೆಣ್ಣು ಅದರ ಅರ್ಧದಷ್ಟು. ಹುಲ್ಲು ತೆನೆ ಬಿಟ್ಟಾಗ ಒಂದು ಮೀಟರು, ಚೆನ್ನಾಗಿ ಬಂದ್ರೆ ಒಂದೂವರೆ ಮೀಟರ್ ತನಕ ಏಳುತ್ತೆ. ಅಂದ್ರೆ ಎತ್ತರದಲ್ಲಿ ಹುಲ್ಲೇ ಗೆದ್ದಂಗೆ ಬುಡಿ. ಆದ್ರೆ ನೀಲಗಿರಿ ಮೇಲಿನ ಗಾಳಿಗೆ, ಮೇಯ್ತಕ್ಕೆ ಅಷ್ಟೆತ್ತರ ಎಲ್ಲಾ ಕಡೆ ಬರಲ್ಲ.

ಯಾವುದು ಹಳೇದು?

ಹುಲ್ಲು, ಯಾವ ಅನುಮಾನಾನೂ ಬೇಡ. ಇಲ್ಲೊಂದು ಕತೆ ಇದೆ, ಪಾರ್ಟಿಗಳಿಗೆ ಹೇಳಿದ್ರೆ ನಂಬಲ್ಲ. ಮಹಾರಾಷ್ಟ್ರದಲ್ಲಿ ಪಿಸ್ದೂರಾ ಅಂತ ಒಂದು ಊರು, ಅಲ್ಲಿ ಡೈನೋಸಾರ್ ಸಗಣಿ ಕಲ್ಲಾಗಿ ಸಿಕ್ಕಿದೆ, ಅದನ್ನ ಪುಡಿ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿದ್ರೆ ಅದರೊಳಗೆ ಹುಲ್ಲಿನ ಮರಳಿನ ಕಣಗಳು. 2005ರಲ್ಲಿ ಅದು ಪ್ರಕಟ ಆಯ್ತು. ಹುಲ್ಲಿನ ಎಲೆಯೊಳಗೆ ಸಿಲಿಕಾ ಇರುತ್ತೆ, ಹುಲ್ಲು ಕೊಳೆತರೂ ಆ ಕಣ ಕೊಳೆಯಲ್ಲ. ಅಂದ್ರೆ ಆರೂವರೆ ಕೋಟಿ ವರ್ಷದ ಹಿಂದೆನೇ ಹುಲ್ಲಿನ ವಂಶ ಇತ್ತು. ದನ, ಕುರಿ, ಮೇಕೆ, ಜಿಂಕೆಮರಿ ಥರದ ಚಿಗರೆ ಇವೆಲ್ಲ ಸೇರಿದ ವಂಶ ಸುಮಾರು ಎರಡು ಕೋಟಿ ವರ್ಷದ್ದು. ಹುಲ್ಲು ಡೈನೋಸಾರ್‌ಗೆ ಊಟ ಹಾಕಿ ಕಳಿಸಿ, ಎಷ್ಟೋ ಕಾಲ ಆದಮೇಲೆ ಆಡಿನ ಪಂಕ್ತಿ ಬಂದಿದ್ದು.

ಕಾಗದದ ಮೇಲೂ ಹುಲ್ಲೇ ಸೀನಿಯರ್. ಥೆಮೆಡಾ ಟ್ರಯಾಂಡ್ರಾ ಅನ್ನೋ ಹೆಸರು 1775ರಲ್ಲಿ ಬಂತು, ಇಟ್ಟಿದ್ದು ಫಾರ್ಸ್‌ಕೋಲ್ ಅನ್ನೋ ಸಸ್ಯಶಾಸ್ತ್ರದವನು, ಯೆಮೆನ್‌ಗೆ ಹೋಗಿ ಅಲ್ಲೇ ಮಲೇರಿಯಾದಲ್ಲಿ 1763ರಲ್ಲಿ ತೀರ್ಕೊಂಡ, ಅವನು ಬರೆದಿಟ್ಟಿದ್ದನ್ನ ಜೊತೆಯವನು ಆಮೇಲೆ ಅಚ್ಚು ಹಾಕಿಸಿದ. ಟ್ರಯಾಂಡ್ರಾ ಅಂದ್ರೆ ಹೂವಿನಲ್ಲಿ ಮೂರು ಕೇಸರ ಅಂತ. ನಮ್ಮ ಆಡಿಗೆ ಶಾಸ್ತ್ರದ ಹೆಸರು ಸಿಕ್ಕಿದ್ದು 1838ರಲ್ಲಿ, ಒಗಿಲ್ಬಿ ಅನ್ನೋನಿಂದ. ತಮಿಳರು ಅದಕ್ಕಿಂತ ಎಷ್ಟೋ ಮೊದಲೇ ವರೈಯಾಡು ಅಂತ ಕರೀತಿದ್ರು, ಆ ಲೆಕ್ಕ ಬೇರೆ.

"ಆಡು ಮುಟ್ಟದ ಸೊಪ್ಪಿಲ್ಲ" ಅಂತಾರಲ್ಲ, ಮತ್ತೆ ಇದಕ್ಕೆ ಹುಲ್ಲೇ ಯಾಕೆ ಬೇಕು?

ಗಾದೆ ನಮ್ಮ ಮನೆ ಮೇಕೆಗೆ ಹೇಳಿದ್ದು. ಅದು ನಿಜ, ನಮ್ಮ ಒಂದು ಹೆಣ್ಣು ಮೇಕೆ ಗಾಡಿ ಆರ್‌ಸಿ ಬುಕ್ಕಿನ ಜೆರಾಕ್ಸೂ ತಿಂದಿದೆ. ವರೈಯಾಡು ಅಂಗಲ್ಲ, ಅದು ಮುಖ್ಯವಾಗಿ ಹುಲ್ಲು ಮೇಯೋ ಪ್ರಾಣಿ. ಗಿಡಗಂಟೆ, ಚಿಗುರು ಒಂದಷ್ಟು ಬಾಯಿಗೆ ಹಾಕುತ್ತೆ, ಆದ್ರೆ ಹೊಟ್ಟೆ ತುಂಬೋದು ಹುಲ್ಲಿಂದ. ಅದಕ್ಕೇ ಅದು ಶೋಲಾ ಕಾಡಿನೊಳಗೆ, ಅಂದ್ರೆ ಬೆಟ್ಟದ ಮೇಲಿನ ಕಣಿವೆಗಳಲ್ಲಿರೋ ದಟ್ಟ ಕಾಡೊಳಗೆ, ಸೇರ್ಕೊಂಡು ಬದುಕಲ್ಲ, ಬಯಲು ಹುಲ್ಲು ಬೇಕು, ಪಕ್ಕದಲ್ಲೇ ಬಂಡೆ ಬೇಕು. ಹುಲ್ಲು ಊಟಕ್ಕೆ, ಬಂಡೆ ತಪ್ಪಿಸ್ಕೊಳ್ಳೋಕೆ. ಚಿರತೆ, ಹುಲಿ, ಸೀಳುನಾಯಿ ಬಂದ್ರೆ ಬಂಡೆ ಮೇಲಕ್ಕೆ ಹೋಗಿ ನಿಂತ್ಬಿಡುತ್ತೆ. ಗೊರಸಿನ ಅಂಚು ಗಟ್ಟಿ, ಒಳಗಡೆ ರಬ್ಬರ್ ಥರ ಮೆತ್ತಗೆ, ನಮ್ಮ ಟೈರ್‌ನವರು ನೋಡಿ ಕಲೀಬೇಕು.

ಆಡು ಮೇಯ್ದು ಮೇಯ್ದು ಹುಲ್ಲು ಸಾಯಲ್ವಾ?

ಇದು ನನಗೆ ಇಷ್ಟದ ಪ್ರಶ್ನೆ. ಗಿಡದ ತುದಿ ಚಿವುಟಿದ್ರೆ ಬೆಳವಣಿಗೆ ಅಲ್ಲಿಗೆ ನಿಲ್ಲುತ್ತೆ, ಪಕ್ಕದಿಂದ ಕವಲು ಒಡೀಬೇಕು. ಹುಲ್ಲಿಗೆ ಬೆಳೆಯೋ ಜಾಗ ಬುಡದಲ್ಲಿ, ನೆಲದ ಹತ್ರ. ಮೇಲಿನದು ಕಿತ್ತು ತಿಂದ್ರೆ ಕೆಳಗಿಂದ ತಳ್ಳುತ್ತಾ ಬರುತ್ತೆ, ನಮ್ಮ ಉಗುರು ಬೆಳೆದಂಗೆ. ಆದ್ರಿಂದ ಹದವಾಗಿ ಮೇಯ್ದ್ರೆ ಸಾಯಲ್ಲ, ಹಳೇ ಒಣಗಿದ್ದು ಹೋಗಿ ಹೊಸ ಚಿಗುರಿಗೆ ಬೆಳಕು ಬೀಳುತ್ತೆ. ಅಂಗಂತ ಹುಲ್ಲು ಸುಮ್ನೆ ತಿನ್ನಿಸ್ಕೊಳ್ಳುತ್ತೆ ಅಂತ ತಿಳ್ಕೋಬೇಡಿ, ಆಗಲೇ ಹೇಳಿದ ಸಿಲಿಕಾ ಇದೆಯಲ್ಲ, ಅದು ಮರಳು ಕಾಗದ ಇದ್ದಂಗೆ, ಹಲ್ಲು ಸವೆಸುತ್ತೆ. ಆಡಿನ ಕಡೆಯವರು ಅದಕ್ಕೆ ಉದ್ದನೆ ದವಡೆ ಹಲ್ಲು ಬೆಳೆಸ್ಕೊಂಡ್ರು, ಸವೀಲಿ ಬಿಡು ಅಂತ.

ಇನ್ನೊಂದು ವಿಷ್ಯ. ಹುಲ್ಲಿನ ನಾರು ಕರಗಿಸೋ ತಾಕತ್ತು ಆಡಿಗೂ ಇಲ್ಲ, ನಮಗೂ ಇಲ್ಲ. ಆಡಿನ ನಾಲ್ಕು ಕೋಣೆ ಹೊಟ್ಟೆಯ ಮೊದಲನೇ ಕೋಣೇಲಿ ಕೋಟಿಗಟ್ಲೆ ಸೂಕ್ಷ್ಮಜೀವಿಗಳು ಕೂತಿರ್ತಾವೆ, ಅವು ನಾರನ್ನ ಹುಳಿ ಬರಿಸಿ ಒಡೆದು ಕೊಡ್ತಾವೆ, ದೋಸೆ ಹಿಟ್ಟು ರಾತ್ರಿ ಇಟ್ಟಂಗೆ. ಮೆಲುಕು ಹಾಕೋದು ಅಂದ್ರೆ ಆ ಹಿಟ್ಟನ್ನ ಇನ್ನೊಂದು ಸಲ ರುಬ್ಬೋದು. ಅಂದ್ರೆ ಹೋಲಿಕೆ ಆಡು-ಹುಲ್ಲು ಇಬ್ಬರದೇ ಅಂತ ಶುರು ಮಾಡಿದ್ರೂ ಮೂರನೆಯವರು ಹೊಟ್ಟೆಯೊಳಗೆ ಬಂದು ಕೂತಿದಾರೆ. ಹುಡುಗ ಇದನ್ನ ಬರೆಯೋಕೆ ಜಾಗ ಸಾಲಲ್ಲ ಮಾವ ಅಂದ.

ಆಡು ಓಡಾಡುತ್ತೆ. ಹುಲ್ಲು ನಿಂತಲ್ಲೇ ನಿಂತಿರುತ್ತಲ್ಲ?

ಬುಡ ನಿಂತಿರುತ್ತೆ, ಬೀಜ ನಿಲ್ಲಲ್ಲ. ಥೆಮೆಡಾ ಬೀಜಕ್ಕೆ ಉದ್ದನೆ ಕಪ್ಪು ಬಾಲ ಇರುತ್ತೆ, ಒಣಗಿದಾಗ ಹಗ್ಗದಂಗೆ ಹೊಸೆದುಕೊಳ್ಳುತ್ತೆ, ಇಬ್ಬನಿ ಬಿದ್ದು ನೆಂದಾಗ ಬಿಚ್ಚಿಕೊಳ್ಳುತ್ತೆ. ಹೊಸೆದು ಬಿಚ್ಚಿ ಹೊಸೆದು ಬಿಚ್ಚಿ ಆ ಬೀಜ ನೆಲದ ಮೇಲೆ ತೆವಳುತ್ತೆ, ಸಂದು ಸಿಕ್ಕಿದ್ರೆ ಬೈರಿಗೆ ಹಾಕಿದಂಗೆ ಮಣ್ಣೊಳಗೆ ಇಳಿಯುತ್ತೆ. ಮೋಟರ್ ಇಲ್ಲ, ಡೀಸೆಲ್ ಇಲ್ಲ. ಪಂಚೆಗೆ ಚುಚ್ಕೊಂಡು ಬರೋ ಹುಲ್ಲುಗಳದ್ದೂ ಇದೇ ಕೆಲಸ. ಪ್ರಾಣಿ ಮೈಗೆ ಅಂಟ್ಕೊಂಡೂ ಹೋಗುತ್ತೆ.

ಹಿಂಗೆ ತೆವಳಿ ತೆವಳಿ ಎಲ್ಲಿವರೆಗೆ ಹೋಗಿದೆ ಗೊತ್ತಾ? ಆಫ್ರಿಕಾ, ಏಷ್ಯಾ, ಆಸ್ಟ್ರೇಲಿಯಾ, ಮೂರೂ ಕಡೆ ಇದೆ. ಆಸ್ಟ್ರೇಲಿಯಾದಲ್ಲಿ ಇದಕ್ಕೆ ಕ್ಯಾಂಗರೂ ಗ್ರಾಸ್ ಅಂತ ಹೆಸರು, ಅಲ್ಲಿನ ಮೂಲನಿವಾಸಿಗಳು ಇದರ ಬೀಜ ಕುಟ್ಟಿ ತಿಂತಿದ್ರು. ಅಷ್ಟು ಕಾಲಿರೋ ಆಡು ಮಾತ್ರ ನೀಲಗಿರಿಯಿಂದ ಕನ್ಯಾಕುಮಾರಿ ಕಡೆ ಬೆಟ್ಟಗಳ ತನಕ ಸುಮಾರು 400 ಕಿಲೋಮೀಟರ್ ಉದ್ದದ ಘಟ್ಟದ ತುದೀಲಿ ಮಾತ್ರ, ಅದೂ ತುಂಡು ತುಂಡಾಗಿ. ಮಧ್ಯೆ ಪಾಲಕ್ಕಾಡ್ ಕಣಿವೆ ಬೇರೆ ಅಡ್ಡ, ಅದನ್ನ ಇಳಿದು ದಾಟಿ ಆ ಕಡೆ ಹೆಣ್ಣು ನೋಡೋಕೆ ಹೋಗೋ ಗಂಡು ಆಡು ಇಲ್ಲ. ಕಾಲಿರೋದು ಅಲ್ಲೇ ಉಳೀತು, ಕಾಲಿಲ್ಲದ್ದು ಪ್ರಪಂಚ ಸುತ್ತಿತು.

ಊಟಿ ಚಳಿಗೆ ಯಾವುದು ಜಾಸ್ತಿ ತಡೆಯುತ್ತೆ?

ಎರಡೂ ತಡೆಯುತ್ತೆ, ತಡೆಯದೇ ಇರೋದು ಮರದ ಸಸಿ. ಡಿಸೆಂಬರ್-ಜನವರಿ ಬೆಳಿಗ್ಗೆ ಊಟೀಲಿ ಹುಲ್ಲಿನ ಮೇಲೆ ಬಿಳಿ ಹಿಮ ಕೂತಿರೋದನ್ನ ನೀವೂ ನೋಡಿರ್ತೀರ, ಗಾಡಿ ಗ್ಲಾಸ್ ಮೇಲೆ ಬಿಸಿನೀರು ಹುಯ್ಯೋ ದಿನಗಳು ಅವು. ಬಯಲಲ್ಲಿ ಮೊಳೆತ ಶೋಲಾ ಮರದ ಸಸಿ ಆ ಹಿಮಕ್ಕೆ ಸುಟ್ಟು ಹೋಗುತ್ತೆ, ಹುಲ್ಲು ಮೇಲೆ ಒಣಗಿದ್ರೂ ಬುಡ ಬದುಕಿರುತ್ತೆ. ಅದಕ್ಕೇ ಅಲ್ಲಿ ಕಣಿವೆ ಮಡಿಲಲ್ಲಿ ಶೋಲಾ ಕಾಡು, ಮೇಲೆ ಗುಡ್ಡ ಪೂರ್ತಿ ಹುಲ್ಲು. ಕಾಡು ಕಡಿದು ಹುಲ್ಲಾಯ್ತು ಅಂತ ಎಷ್ಟೋ ಜನ ತಿಳ್ಕೊಂಡಿದಾರೆ, ನಾನೂ ತಿಳ್ಕೊಂಡಿದ್ದೆ. ಬೆಂಗಳೂರಿನ ವಿಜ್ಞಾನಿ ಸುಕುಮಾರ್ ಮತ್ತೆ ಅವರ ಜೊತೆಯವರು ನೀಲಗಿರಿಯ ಜೌಗಿನ ಮಣ್ಣು ತೆಗೆದು ಅದರಲ್ಲಿರೋ ಕಾರ್ಬನ್ ನೋಡಿ 1993ರಲ್ಲಿ ಬರೆದ್ರು, ಇಪ್ಪತ್ತು ಸಾವಿರ ವರ್ಷದ ಹಿಂದೆನೂ ಅಲ್ಲಿ ಹುಲ್ಲಿತ್ತು ಅಂತ. ಆಗ ಕೊಡಲಿ ಹಿಡಿದು ಬೆಟ್ಟ ಬೋಳು ಮಾಡೋಷ್ಟು ಜನ ಎಲ್ಲಿದ್ರು.

ಬೆಂಕಿ ಬಿದ್ರೆ?

ಆಡು ಓಡುತ್ತೆ, ಹುಲ್ಲು ಬುಡದಿಂದ ಮತ್ತೆ ಚಿಗುರುತ್ತೆ. ಥೆಮೆಡಾ ಬೆಂಕಿಗೆ ಹೊಂದಿಕೊಂಡ ಹುಲ್ಲು, ತುಂಬಾ ವರ್ಷ ಮೇಯ್ತಾನೂ ಇಲ್ಲ ಬೆಂಕಿನೂ ಇಲ್ಲ ಅಂದ್ರೆ ತನ್ನ ಒಣಗಿದ ಎಲೆ ಕೆಳಗೆ ತಾನೇ ಉಸಿರು ಕಟ್ಟುತ್ತೆ. ನೀಲಗಿರಿಯ ಬುಡಕಟ್ಟಿನವರಾದ ತೋಡರು ಹಿಂದೆ ಎಮ್ಮೆ ಮೇಯ್ತಕ್ಕೆ ಹುಲ್ಲು ಸುಡ್ತಿದ್ರು. ಇದನ್ನ ಓದಿ ಯಾರೂ ಬೀಡಿ ಎಸೀಬೇಡಿ, ಈಗ ಅಲ್ಲಿ ಹುಲ್ಲಿನ ಪಕ್ಕದಲ್ಲೇ ಎಣ್ಣೆ ತುಂಬಿದ ನೀಲಗಿರಿ ಮರಗಳಿವೆ, ಬೆಂಕಿ ಹುಲ್ಲಲ್ಲಿ ನಿಲ್ಲಲ್ಲ.

ಎರಡರಲ್ಲಿ ಯಾವುದಕ್ಕೆ ಅಪಾಯ ಜಾಸ್ತಿ?

ಕಾಗದದ ಲೆಕ್ಕ ಮೊದಲು. ವರೈಯಾಡು ಅಳಿವಿನಂಚಿನ ಪಟ್ಟೀಲಿದೆ, 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಶೆಡ್ಯೂಲಲ್ಲಿದೆ. ತಮಿಳುನಾಡು ಸರ್ಕಾರ ಇದಕ್ಕೆ ಅಂತಲೇ 25.14 ಕೋಟಿ ರೂಪಾಯಿಯ ಯೋಜನೆ ಮಾಡಿ 2023ರ ಅಕ್ಟೋಬರ್‌ನಲ್ಲಿ ಶುರು ಮಾಡ್ತು. ಅಕ್ಟೋಬರ್ 7 ವರೈಯಾಡು ದಿನ, 1975ರಲ್ಲಿ ಈ ಆಡಿನ ಬಗ್ಗೆ ಮೊದಮೊದಲು ಅಧ್ಯಯನ ಮಾಡಿದ ಇ.ಆರ್.ಸಿ. ಡೇವಿಡಾರ್ ನೆನಪಿಗೆ. 2024ರ ಎಣಿಕೇಲಿ ತಮಿಳುನಾಡಿನಲ್ಲಿ 1,031 ಸಿಕ್ಕಿದ್ವು. 2025ರ ಏಪ್ರಿಲ್‌ನಲ್ಲಿ ಕೇರಳ-ತಮಿಳುನಾಡು ಇಬ್ಬರೂ ಒಟ್ಟಿಗೆ ಎಣಿಸಿದ್ರು, ಕೇರಳದಲ್ಲಿ 1,365, ತಮಿಳುನಾಡಲ್ಲಿ 1,303, ಒಟ್ಟು 2,668. ಪ್ರಪಂಚದಲ್ಲಿ ಇರೋದೇ ಅಷ್ಟು. ನಮ್ಮ ಕಡೆ ಒಂದು ದೊಡ್ಡ ಜಾತ್ರೇಲಿ ಇದಕ್ಕಿಂತ ಜಾಸ್ತಿ ಜನ ಇರ್ತಾರೆ.

ಹುಲ್ಲಿನ ಕಡೆ ನೋಡಿದ್ರೆ ಮೂರು ಖಂಡದಲ್ಲಿದೆ, ಜಾತಿಗೆ ಏನೂ ಅಪಾಯ ಇಲ್ಲ. ಹಂಗಾದ್ರೆ ಉತ್ತರ ಆಡು ಅಂತ ಬರೆದು ಮುಗಿಸಬಹುದಿತ್ತು, ಹುಡುಗ ಮುಗಿಸಿಯೂ ಬಿಟ್ಟಿದ್ದ. ನಾನು ತಡೆದೆ. ಯಾಕೆ ಅಂದ್ರೆ ಜಾತಿ ಉಳಿಯೋದು ಬೇರೆ, ಜಾಗ ಉಳಿಯೋದು ಬೇರೆ. ಆಸ್ಟ್ರೇಲಿಯಾದಲ್ಲಿ ಹುಲ್ಲು ಸೊಂಪಾಗಿದೆ ಅಂತ ನೀಲಗಿರಿಯ ಮುಕುರ್ತಿ ಬೆಟ್ಟದ ಆಡಿಗೆ ಹೊಟ್ಟೆ ತುಂಬುತ್ತಾ? ಬ್ರಿಟಿಷರ ಕಾಲದಿಂದ ಹುಲ್ಲುಗಾವಲು ಅಂದ್ರೆ ದಾಖಲೇಲಿ ಬರಡು, ನಮ್ಮ ಕಡೆ ಮಾತಲ್ಲಿ ಪೊರಂಬೋಕು, ಉಪಯೋಗಕ್ಕಿಲ್ಲದ್ದು. ಆ ಉಪಯೋಗಕ್ಕಿಲ್ಲದ ಜಾಗದಲ್ಲಿ ಆಸ್ಟ್ರೇಲಿಯಾದಿಂದ ವ್ಯಾಟಲ್ ತಂದು ನೆಟ್ರು, ತೊಗಟೆಯಿಂದ ಚರ್ಮ ಹದ ಮಾಡೋಕೆ. ಯೂಕಲಿಪ್ಟಸ್ ನೆಟ್ರು, ಸೌದೆಗೆ, ಆಮೇಲೆ ಕೃತಕ ರೇಷ್ಮೆ ತಿರುಳಿಗೆ. ಸ್ವಾತಂತ್ರ್ಯ ಬಂದಮೇಲೂ ನೆಡೋದು ಮುಂದುವರೀತು. ವ್ಯಾಟಲ್ ಬೀಜ ಮಣ್ಣೊಳಗೆ ದಶಕಗಟ್ಲೆ ಸಾಯಲ್ಲ, ಮರ ಕಡಿದ್ರೆ ಅದರ ಹತ್ತರಷ್ಟು ಮೊಳೆಯುತ್ತೆ. ಉಪಗ್ರಹದ ಚಿತ್ರ ಇಟ್ಕೊಂಡು ನೋಡಿದ ಸಂಶೋಧಕರ ಪ್ರಕಾರ ಪಶ್ಚಿಮ ಘಟ್ಟದ ಎತ್ತರದ ಹುಲ್ಲುಗಾವಲಲ್ಲಿ 44 ವರ್ಷದಲ್ಲಿ 340 ಚದರ ಕಿಲೋಮೀಟರ್, ಅಂದ್ರೆ ಹತ್ತಿರ ಹತ್ತಿರ ಕಾಲುಭಾಗ, ಇಂಥ ಹೊರಗಿನ ಮರಗಳ ಕೆಳಗೆ ಹೋಗಿದೆ.

ಒಂದು ಸಂಕಟ ನೋಡಿ, ಕನ್ನಡದಲ್ಲಿ ಯೂಕಲಿಪ್ಟಸ್‌ಗೆ ಏನಂತೀವಿ? ನೀಲಗಿರಿ ಮರ. ನೀಲಗಿರಿ ತೈಲ. ಬೆಟ್ಟದ ಹೆಸರು ಹೊರಗಿಂದ ಬಂದ ಮರಕ್ಕೆ ಹೋಯ್ತು, ಅಲ್ಲೇ ಹುಟ್ಟಿದ ಆಡಿಗೆ ನೀಲಗಿರಿ ಆಡು ಅಂತ ಹೇಳಿದ್ರೆ ಜನ ಮರದ ಸೊಪ್ಪು ತಿನ್ನೋ ಆಡಾ ಅಂತ ಕೇಳ್ತಾರೆ.

ಮರ ನೆಡೋದು ಒಳ್ಳೇದು ಅಂತ ಇಸ್ಕೂಲಲ್ಲಿ ಹೇಳ್ಕೊಡ್ತಾರೆ. ನೀನು ಮರ ಕೀಳಬೇಕು ಅಂತೀಯಾ?

ಎಲ್ಲಾ ಕಡೆ ಅಲ್ಲ, ಹುಲ್ಲಿನ ಜಾಗದಲ್ಲಿ. ಅಲ್ಲಿ ಹುಲ್ಲಿನ ಬೇರು ಮಣ್ಣಿಗೆ ಜರಡಿ ಥರ, ಮಳೆ ನೀರು ನಿಧಾನ ಇಳಿದು ಜೌಗಿಗೆ ಸೇರಿ ವರ್ಷ ಪೂರ್ತಿ ಸೋರುತ್ತೆ. ಪೈಕಾರ ಹೊಳೆ ಮುಕುರ್ತಿ ಬೆಟ್ಟದ ಕಡೆಯಿಂದ ಹುಟ್ಟೋದು, ಅದು ಮೋಯಾರ್ ಆಗಿ ಕಂದಕದಲ್ಲಿ ಹರಿದು ಭವಾನಿಸಾಗರ ಸೇರುತ್ತೆ. ಸತ್ಯಮಂಗಲದ ಕೆಳಗೆ ಭತ್ತ ಅರಿಶಿನ ಬೆಳೆಯೋ ನಮ್ಮ ನೆಂಟರು ಹುಲ್ಲಿಗೂ ನಮಗೂ ಏನು ಅಂತ ಕೇಳಿದ್ರೆ ನಾನು ಕಾಲುವೆ ತೋರಿಸ್ತೀನಿ.

ನಮ್ಮ ತಾಳವಾಡಿ ಕಾಡಿಗೆ ವ್ಯಾಟಲ್ ಬಂದಿಲ್ಲ, ಆದ್ರೆ ಲಾಂಟಾನ ಬಂದಿದೆಯಲ್ಲ, ಅದೇ ಕತೆ. ನಮ್ಮಪ್ಪ ದನ ಹೊಡ್ಕೊಂಡು ಹೋಗ್ತಿದ್ದ ಕಡೆ ಈಗ ಮನುಷ್ಯ ನುಗ್ಗೋಕಾಗಲ್ಲ, ಕೆಳಗೆ ಹುಲ್ಲು ಇಲ್ಲ. ಆನೆ ರಾಗಿ ಹೊಲಕ್ಕೆ ಯಾಕೆ ಬರ್ತದ ಅಂತ ಪಂಚಾಯ್ತಿ ಕಟ್ಟೇಲಿ ರಾತ್ರಿಯೆಲ್ಲ ಮಾತಾಡ್ತೀವಿ, ಹುಲ್ಲಿನ ಮಾತು ಕೊನೇಗೂ ಬರಲ್ಲ.

ಆಡಿಗಿಂತ ಅಪರೂಪದ ಹುಲ್ಲು ಅಂತ ಏನಾದ್ರೂ ಇದೆಯಾ?

ಇದೆ. ಇದು ಗೊತ್ತಿದ್ದಿದ್ರೆ ಹೋಮ್‌ವರ್ಕ್‌ಗೆ ಇದನ್ನೇ ಕೊಡ್ತಿದ್ದೆ. ತೋಡರ ಗುಡಿ ನೋಡಿದೀರಾ, ಪೀಪಾಯಿ ಅರ್ಧ ಸೀಳಿ ಮಗುಚಿದಂಗೆ ಇರುತ್ತೆ, ಅದರ ಮಾಡಿಗೆ ಕಂಡ ಕಂಡ ಹುಲ್ಲು ಹಾಕಲ್ಲ. ಜೌಗಲ್ಲಿ ಬೆಳೆಯೋ ಒಂದೇ ಒಂದು ಹುಲ್ಲು, ತೋಡರು ಅವ್‌ಫುಲ್ ಅಂತ ಕರೀತಾರೆ, ಶಾಸ್ತ್ರದ ಹೆಸರು ಎರಿಯೋಕ್ರೈಸಿಸ್ ರಂಗಾಚಾರಿ. ಮದ್ರಾಸ್ ಕಾಲದಲ್ಲಿ ದಕ್ಷಿಣದ ಹುಲ್ಲುಗಳ ಮೇಲೆ ಕೆಲಸ ಮಾಡಿದ ರಂಗಾಚಾರಿ ಅವರ ಹೆಸರು ಅದಕ್ಕೆ. ಅದು ನೀಲಗಿರಿ ಬಿಟ್ಟು ಬೇರೆಲ್ಲೂ ಇಲ್ಲ. ಆಡಾದ್ರೂ ಕನ್ಯಾಕುಮಾರಿ ಕಡೆ ತನಕ ಇದೆ, ಈ ಹುಲ್ಲಿಗೆ ಒಂದೇ ಬೆಟ್ಟ. ಜೌಗುಗಳು ಡ್ಯಾಮಿನ ನೀರಿಗೆ, ತೋಟಕ್ಕೆ, ಹೊರಗಿನ ಮರಕ್ಕೆ ಹೋಗ್ತಾ ಹೋಗ್ತಾ ತೋಡರಿಗೆ ಗುಡಿ ಹೊದಿಸೋಕೆ ಹುಲ್ಲು ಹುಡುಕೋದೇ ಕಷ್ಟ ಆಗಿದೆ. ದೇವರ ಮನೆಗೆ ಇದೇ ಹುಲ್ಲು ಬೇಕು, ತಗಡು ಹಾಕಿ ಅಂದ್ರೆ ಆಗಲ್ಲ.

ಎಲ್ಲಾ ಕಡೆ ಹಿಂಗೇನಾ, ಹುಲ್ಲು ಹೋಗಿ ಆಡಿಗೆ ತೊಂದರೆ?

ಉಲ್ಟಾ ಕೂಡ ಇದೆ. ನ್ಯೂಜಿಲೆಂಡಿಗೆ 1904ರಲ್ಲಿ ಹಿಮಾಲಯದ ಥಾರ್ ತಗೊಂಡು ಹೋಗಿ ಬಿಟ್ರು, ಬೇಟೆ ಆಡೋಕೆ. ಅಲ್ಲಿ ಅವಕ್ಕೆ ಹುಲಿನೂ ಇಲ್ಲ ಚಿರತೆನೂ ಇಲ್ಲ, ಹೆಚ್ಕೊಂಡು ಅಲ್ಲಿನ ಬೆಟ್ಟದ ಹುಲ್ಲಿನ ಪೊದೆಗಳನ್ನ ಮೇಯ್ದು ಹಾಳು ಮಾಡಿದ್ವು. ಈಗ ಅಲ್ಲಿನ ಸರ್ಕಾರ ಹುಲ್ಲು ಉಳಿಸೋಕೆ ಥಾರ್ ಹೊಡೆಸುತ್ತೆ. ಇಲ್ಲಿ ಥಾರ್ ಉಳಿಸೋಕೆ ಹುಲ್ಲು ಬೆಳೆಸಬೇಕು. ಮರಿ ಹಾಕಿಸೋಕೆ ಅಂತ ಬೇರೆ ಕಡೆಯಿಂದ ಪ್ರಾಣಿ ತಂದುಬಿಡೋಣ ಅನ್ನೋ ಬುದ್ಧಿವಂತರಿಗೆ ಈ ಕತೆ ಹೇಳ್ತೀನಿ.

ಕುರಿಂಜಿನೂ ಹುಲ್ಲಾ?

ಅಲ್ಲ, ಅದು ಪೊದೆ ಗಿಡ. 12 ವರ್ಷಕ್ಕೊಮ್ಮೆ ಹೂ ಬಿಡುತ್ತೆ, 2018ರಲ್ಲಿ ಬಿಟ್ಟಿತ್ತು, ಮುಂದಿನದು 2030. ಹುಲ್ಲಿನ ಜೊತೆ ಅದೇ ಗುಡ್ಡಗಳಲ್ಲಿ ಇರುತ್ತೆ. ಈಗಲೇ ಬುಕಿಂಗ್ ಮಾಡ್ಬೇಡಿ.

ಕರ್ನಾಟಕದಲ್ಲಿ ಈ ಆಡು ಇದೆಯಾ? ನಮ್ಮ ತಾಳವಾಡಿ ಬೆಟ್ಟದಲ್ಲಿ?

ಎರಡೂ ಕಡೆ ಇಲ್ಲ. ಈಗ ಇರೋದು ತಮಿಳುನಾಡು, ಕೇರಳ ಅಷ್ಟೇ. ಸಾಮಾನ್ಯವಾಗಿ 1,200 ಮೀಟರ್ ಮೇಲೆ, ಬಂಡೆ ಇರೋ ಹುಲ್ಲುಗುಡ್ಡ ಬೇಕು ಅದಕ್ಕೆ. ಥೆಮೆಡಾ ಮಾತ್ರ ಕೆಳಗೂ ಬೆಳೆಯುತ್ತೆ.

ಇದರಲ್ಲಿ ನಮ್ಮ ಹುಡುಗ್ರದ್ದೊಂದು ಗೊಂದಲ ಇದೆ. ರಾಜ್ಯ ಪ್ರಾಣಿ ಯಾವುದು ಅಂತ ಕೇಳಿದ್ರೆ ಅರ್ಧ ಜನ ಆನೆ ಅಂತಾರೆ, ಅದು ಕರ್ನಾಟಕದ್ದು. ತಮಿಳುನಾಡಿನದು ವರೈಯಾಡು. ಟಿವಿ ಬೆಂಗಳೂರಿನದು, ಪುಸ್ತಕ ಚೆನ್ನೈದು, ಮಕ್ಕಳಾದ್ರೂ ಏನ್ ಮಾಡ್ತಾವೆ.

ಎಲ್ಲಿ ಹೋದ್ರೆ ಕಾಣುತ್ತೆ?

ಗ್ಯಾರಂಟಿ ಬೇಕು ಅಂದ್ರೆ ಮುನ್ನಾರ್ ಹತ್ರ ಎರವಿಕುಳಂ ನ್ಯಾಷನಲ್ ಪಾರ್ಕು, ರಾಜಮಲೆ ಕಡೆ ಜನರ ಹತ್ತಿರಕ್ಕೇ ಬರ್ತಾವೆ. ಫೆಬ್ರವರಿ-ಮಾರ್ಚ್ ಸುಮಾರಿಗೆ ಮರಿ ಹಾಕೋ ಕಾಲ ಅಂತ ಬಾಗಿಲು ಹಾಕಿರ್ತಾರೆ, ವಿಚಾರಿಸ್ಕೊಂಡು ಹೋಗಿ. ಆಳಿಯಾರ್‌ನಿಂದ ವಾಲ್ಪಾರೈ ಹತ್ತುವಾಗ ಒಂಬತ್ತನೇ ತಿರುವಿನ ಹತ್ರ ರಸ್ತೆ ಬದಿಗೇ ನಿಂತಿರ್ತಾವೆ. ನಮ್ಮ ಹತ್ತಿರದ್ದು ಮುಕುರ್ತಿ, 78 ಚದರ ಕಿಲೋಮೀಟರು, ಈ ಆಡಿಗೋಸ್ಕರನೇ 1982ರಲ್ಲಿ ಅಭಯಾರಣ್ಯ ಮಾಡಿ 1990ರಲ್ಲಿ ನ್ಯಾಷನಲ್ ಪಾರ್ಕ್ ಮಾಡಿದ್ದು, ಆದ್ರೆ ಪರ್ಮಿಷನ್ ಇಲ್ಲದೆ ಒಳಗೆ ಬಿಡಲ್ಲ. ಬಿಸ್ಕೆಟ್, ಚಿಪ್ಸ್ ಹಾಕ್ಬೇಡಿ. ಸೆಲ್ಫಿಗೆ ಅಂತ ಮರಿ ಹತ್ರ ಹೋಗ್ಬೇಡಿ, ಅದರಮ್ಮ ನಿಮ್ಮನ್ನ ಬಂಡೆಯಿಂದ ತಳ್ಳಿದ್ರೆ ನಾನು ಸಾಕ್ಷಿ ಹೇಳಲ್ಲ.

ಹುಲ್ಲು ನೋಡ್ಬೇಕು ಅಂದ್ರೆ ಕಾಲ ಕೆಳಗೆ ನೋಡಿ.

ಒಂದು ಮರಿ ತಂದು ಸಾಕಬಹುದಾ? ನಮ್ಮ ಮೇಕೆ ಜೊತೆ ಕೂಡಿಸಿದ್ರೆ?

ಜೈಲು. ಮೊದಲನೇ ಶೆಡ್ಯೂಲ್ ಅಂತ ಮೇಲೇ ಹೇಳಿದೀನಲ್ಲ. ಇದನ್ನ ಕೇಳಿದ ನಮ್ಮ ಚಿಕ್ಕಪ್ಪನಿಗೆ ಹುಲ್ಲು ಬೇಕಾದ್ರೆ ಬೆಳ್ಕೊ ಚಿಕ್ಕಪ್ಪ ಅಂದೆ, ನೇಪಿಯರ್ ಮೇವಿನ ಹುಲ್ಲು ಇರುವಾಗ ಬೆಟ್ಟದ ಹುಲ್ಲು ಯಾರಿಗ್ ಬೇಕ್ಲಾ ಅಂದ್ರು.

ಕೊನೇಗೆ ಹುಡುಗನಿಗೆ ಎಷ್ಟು ಮಾರ್ಕ್ಸ್ ಬಂತು?

ಹತ್ತಕ್ಕೆ ಎಂಟೂವರೆ. ಚಿತ್ರ ಬರೆಯುವಾಗ ಕೊಟ್ಟಿಗೇಲಿರೋ ಹೋತ ನೋಡ್ಕೊಂಡು ಬರೆದಿದಾನೆ, ಆಡಿಗೆ ಇಷ್ಟುದ್ದ ಗಡ್ಡ. ಟೀಚರ್ ಕಂಡುಹಿಡಿದು ಸುತ್ತು ಹಾಕಿ ಒಂದೂವರೆ ಕಟ್ ಮಾಡಿದಾರೆ, ತಪ್ಪು ಅವನದೇ. ಹುಲ್ಲನ್ನ ಮಾತ್ರ ಮನೆ ಹಿಂದಿನ ಗರಿಕೆ ಕಿತ್ಕೊಂಡು ಬಂದು ಮುಂದೆ ಇಟ್ಕೊಂಡು ಬರೆದಿದ್ದ, ಅದರ ಕೆಳಗೆ ಥೆಮೆಡಾ ಟ್ರಯಾಂಡ್ರಾ ಅಂತ ದಪ್ಪ ಅಕ್ಷರದಲ್ಲಿ ಹೆಸರು ಬೇರೆ. ಅದಕ್ಕೆ ರೈಟ್ ಮಾರ್ಕ್ ಬಿದ್ದಿದೆ.